ಹೆಸರು ಹಾಕಿಸಿದ ಬೋರ್ಡು

ಶಹಾಬಾದ
21 ಏಪ್ರಿಲ್ 2025

ಜಬೀನಾ,

ಈ ಕಾಲದಲ್ಲಿ ಟಪಾಲಿನಲ್ಲಿ ಕಾಗದ ಬಂತಲ್ಲ ಎಂದು ಮೊದಲು ನಕ್ಕಿರುತ್ತೀಯ, ಆಮೇಲೆ ಅಕ್ಷರದ ಗುರುತು ಹತ್ತಿ ಮುಖ ಗಂಟು ಹಾಕಿಕೊಂಡಿರುತ್ತೀಯ. ಎರಡೂ ಮುಗಿದ ಮೇಲೆ ದಯವಿಟ್ಟು ಮುಂದೆ ಓದು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ನಮ್ಮ ವರ್ಕ್‌ಶಾಪಿನ ರಮೇಶಕುಮಾರ ಸರ್ ಅವರ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟೆ. ಇನ್ನು ದಾರಿ ಇದೊಂದೇ. ವಾಡಿ ಸ್ಟೇಷನ್ ಎದುರಿನ ನಿಮ್ಮ ತಾರೀಕ್ ಭಾಯಿಯ ಮೊಬೈಲ್ ಅಂಗಡಿಯಲ್ಲಿ ಈಗ ನೀನೂ ರಿಪೇರಿಗೆ ಕೂರುತ್ತೀಯಂತೆ. ಅಲ್ಲಿಗೇ ಕಳಿಸುತ್ತಿದ್ದೇನೆ.

ಕೆಲಸದ ಮಾತಿಗೆ ಬರುತ್ತೇನೆ. ದಂಡೋತಿ ಸೇತುವೆಗೆ ನಾವಿಬ್ಬರೂ ಸೇರಿ ಮಾಡಿದ ನೀರಿನ ಮಟ್ಟ ಹೇಳುವ ಯಂತ್ರ ಇನ್ನೂ ಹಾಗೇ ಬಿದ್ದಿದೆ. ಕಾಗಿಣಾ ಹೊಳೆ ಸೇತುವೆಯ ಮಟ್ಟಕ್ಕೆ ಎರಡು ಅಡಿ ಕೆಳಗಿರುವಾಗಲೇ ಪಂಚಾಯ್ತಿ ಕಚೇರಿಯ ಸೈರನ್ ಕೂಗಬೇಕು, ಅಷ್ಟೇ ಅದರ ಕೆಲಸ. ಸೇತುವೆಯಿಂದ ಕಚೇರಿಗೆ ಒಂದೂವರೆ ಕಿಲೋಮೀಟರ್. ನಮ್ಮ ಬೋರ್ಡಿನ ಸಿಗ್ನಲ್ ನಾಲ್ಕುನೂರು ಮೀಟರಿಗೇ ಸತ್ತುಹೋಗುತ್ತದೆ. ಜೂನ್ ಬಂದರೆ ಮಳೆ. ಹೋದ ವರ್ಷ ನೀರು ಗೊತ್ತಾಗದೆ ಟಂಟಂ ಆಟೊವೊಂದು ಸೇತುವೆಗೆ ಇಳಿದು, ನಮ್ಮ ಭೀಮು ಕಾಕಾ ಹಗ್ಗ ಎಸೆದು ಐದು ಮಂದಿಯನ್ನು ಎಳೆದದ್ದು ನಿನಗೆ ಗೊತ್ತೇ ಇದೆ. ಈ ವರ್ಷ ಕಾಕಾ ದಂಡೆಯಲ್ಲಿ ಇರುತ್ತಾರೋ ಇಲ್ಲವೋ.

ನನ್ನಿಂದ ಆಗುವುದನ್ನೆಲ್ಲ ಮಾಡಿ ನೋಡಿದೆ. ರೇಡಿಯೊ ಕೆಲಸ ನಿನ್ನದು. ಡಿಪ್ಲೊಮಾದಲ್ಲಿ ಆಂಟೆನಾ ಪಾಠಕ್ಕೆ ನಾನು ನಿದ್ದೆ ಹೊಡೆದದ್ದೂ ನೀನು ನೋಟ್ಸ್ ಕೊಟ್ಟು ಪಾಸು ಮಾಡಿಸಿದ್ದೂ ಮರೆತಿಲ್ಲ. ಫೆಬ್ರವರಿಯ ಆ ದಿನದ ಬಗ್ಗೆ ಬರೆಯಲು ಕೂತರೆ ಕೈ ಓಡುವುದಿಲ್ಲ. ಬೈಯುವುದಾದರೆ ಬೈದು, ಆಮೇಲೆ ಒಂದು ದಾರಿ ಹೇಳು.

ನಿನ್ನ
ಶ್ರುತಿ


ವಾಡಿ
2 ಮೇ 2025

ಶ್ರುತಿಗೆ,

ನಾನು ನಗಲಿಲ್ಲ.

ಆ ದಿನದ ಬಗ್ಗೆ ನಿನಗೆ ಕೈ ಓಡದಿದ್ದರೆ ನಾನು ಬರೆಯುತ್ತೇನೆ. ಪಂಚಾಯ್ತಿ ಕಚೇರಿಯಲ್ಲಿ ಇಪ್ಪತ್ತು ಮಂದಿ ಕೂತಿದ್ದರು. ಮೆಂಬರುಗಳು, ನಮ್ಮ ವರ್ಕ್‌ಶಾಪಿನ ಸರ್, ನಿಮ್ಮ ಅಪ್ಪ, ನನ್ನ ಅಮ್ಮಿ. ಸೇತುವೆಯಲ್ಲಿ ಗುಂಡಿ ಒತ್ತಿದರು. ಸೈರನ್ ಕೂಗಲಿಲ್ಲ. ಸರ್ "ಆಂಟೆನಾ ಯಾರ್ದು?" ಎಂದು ಕೇಳಿದರು. ನೀನು ನೆಲ ನೋಡುತ್ತ "ಅದು ಜಬೀನಾ ಮಾಡಿದ್ದು ರೀ" ಎಂದೆ. ಸುಳ್ಳಲ್ಲ, ಮಾಡಿದ್ದು ನಾನೇ. ಮರುದಿನ ಸರ್ ನನಗೆ ಕೆಲಸಕ್ಕೆ ಬರಬೇಡ ಅಂದರು. ಅಮ್ಮಿಗೆ ಆಗ ತಾನೇ ಕಣ್ಣಿನ ಆಪರೇಷನ್ ಆಗಿತ್ತು, ಕಪ್ಪು ಕನ್ನಡಕ ಹಾಕಿಕೊಂಡೇ ಮಗಳ ಯಂತ್ರ ನೋಡಲು ಬಂದಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಬೇರೆ ಕಡೆ ಕೂತಳು. ಮನೆಗೆ ಬಂದು, "ಶ್ರುತಿ ನನ್ನ ಕೈಯಾಗಿನ ರೊಟ್ಟಿ ಉಂಡಾಕಿ, ಆಕಿ ಸುಳ್ಳ್ ಹೇಳಂಗಿಲ್ಲ. ನೀನೇ ಎಲ್ಲೋ ಗಡಬಡ ಮಾಡೀದಿ" ಅಂದಳು.

ನಿನ್ನ ಮೇಲಿನ ಸಿಟ್ಟಿಗೆ ದಂಡೋತಿಯವರು ನೀರಿಗೆ ಬೀಳುವುದು ಬೇಡ. ಹೀಗೆ ಮಾಡು. ಬೋರ್ಡನ್ನು ಡಬ್ಬಿಯಿಂದ ಹೊರಗೆ ತೆಗೆದು ಸಿಗ್ನಲ್ ಅಳೆ. ಬ್ಯಾಟರಿಯ ವೈರು ಆಂಟೆನಾದ ಪಕ್ಕ ಸುತ್ತಿಕೊಂಡಿದ್ದರೆ ದೂರ ಸರಿಸಿ ಮತ್ತೆ ಅಳೆ. ಆಮೇಲೆ ಆಂಟೆನಾದ ತುದಿಗೆ ಬೆರಳು ಹತ್ತಿರ ತಂದು ನೋಡು, ಸಿಗ್ನಲ್ ಏರಿತೋ ಇಳಿಯಿತೋ ಬರೆದುಕೊ. ಬೋರ್ಡಿನ ಎರಡೂ ಬದಿಯ ಫೋಟೊ ಪ್ರಿಂಟ್ ಹಾಕಿಸಿ ಕಳಿಸು. ಸಭೆಗೆ ಮುಂಚಿನ ವಾರ ನಾನು ಅಮ್ಮಿಯ ಜೊತೆ ಆಸ್ಪತ್ರೆಯಲ್ಲಿದ್ದೆ, ಬೋರ್ಡಿಗೆ ಬೆಸುಗೆ ಹಾಕಿ ಡಬ್ಬಿ ಮುಚ್ಚಿದವಳು ನೀನು. ತಯಾರಾದ ಬೋರ್ಡನ್ನು ನಾನು ಕಣ್ಣಿಂದ ನೋಡಲೇ ಇಲ್ಲ. ನನ್ನ ಫೈಲುಗಳೂ ವರ್ಕ್‌ಶಾಪಿನ ಕಂಪ್ಯೂಟರಿನಲ್ಲೇ ಉಳಿದವು.

ಜಬೀನಾ


ದಂಡೋತಿ
8 ಮೇ 2025

ಜಬೀನಾ,

ಇದನ್ನು ಕಳಿಸುವ ಧೈರ್ಯ ಬರಲಿ ಎಂದು ಬೇಡಿಕೊಂಡೇ ಬರೆಯುತ್ತಿದ್ದೇನೆ.

ನೀನು ಎರಡೂ ಬದಿಯ ಫೋಟೊ ಕೇಳಿದ್ದೀಯ. ಹಿಂಬದಿಯಲ್ಲಿ, ಸರಿಯಾಗಿ ನಿನ್ನ ಆಂಟೆನಾದ ಕೆಳಗೆ, ತಾಮ್ರದಲ್ಲಿ "ಅಂಬರಾಯ, ದಂಡೋತಿ" ಎಂದು ಬರೆದಿದೆ. ನನ್ನ ಅಪ್ಪನ ಹೆಸರು. ಹಾಕಿದವಳು ನಾನು.

ನಮ್ಮ ಮನೆಯಲ್ಲಿ ಹೆಸರು ಹಾಕಿಸದ ಭಾಂಡೆ ಒಲೆ ಏರುವುದಿಲ್ಲ. ಅಪ್ಪ ಪ್ರತಿ ಕೊಡ, ಪ್ರತಿ ತಾಟಿನ ಮೇಲೂ ಅಂಗಡಿಯಲ್ಲೇ ಕುಟ್ಟಿಸಿಕೊಂಡು ಬರುತ್ತಾನೆ. ಹತ್ತು ಮನೆಯ ಮದುವೆಗೆ ಎರವಲು ಹೋದರೂ ಹೆಸರು ನೋಡಿ ವಾಪಸ್ ಬರುತ್ತದೆ. ಅವನಿಗೆ ಓದಲು ಬರುವುದಿಲ್ಲ, ಆದರೆ ತನ್ನ ಹೆಸರಿನ ಆಕಾರ ಬರುತ್ತದೆ. ನಾನು ಮಾಡಿದ ಮೊದಲ ಬೋರ್ಡು, ನಮ್ಮದೇ ಹೊಳೆಗೆ. ನಿನ್ನ ಫೈಲು ತೆರೆದಾಗ ಮೂಲೆಯಲ್ಲಿ ಅಷ್ಟು ಜಾಗ ಖಾಲಿ ಕಂಡಿತು. ನೀನು ಚೌಕ ಎಳೆದು "ಇಲ್ಲಿ ಯಾವ ಬದಿಗೂ ತಾಮ್ರ ಬೇಡ" ಎಂದು ಬರೆದಿದ್ದೆ. ನಾನು ಅದನ್ನು ಓದಿದೆ. ಹೆಸರು ಹಾಕಿದೆ. ಕಂಪ್ಯೂಟರ್ ತಪ್ಪು ಎಂದು ಕೆಂಪು ಗುರುತು ತೋರಿಸಿತು. ನಿನ್ನ ಚೌಕವನ್ನೇ ಅಳಿಸಿದೆ, ಗುರುತು ಹೋಯಿತು. ಒಂದು ಹೆಸರು ಏನು ಮಾಡೀತು ಎಂದುಕೊಂಡೆ.

ಸಭೆಯ ಹಿಂದಿನ ದಿನ ಸಂಜೆಯೇ ಸಿಗ್ನಲ್ ಕಡಿಮೆ ಬಂದಿತ್ತು. ಯಾಕೆಂದು ಆಗಲೇ ಅನುಮಾನ ಹತ್ತಿತ್ತು. ಸರ್ ಕೇಳಿದಾಗ ಅಪ್ಪ ಎದುರಿಗೇ ಕೂತಿದ್ದ. ಉಳಿದ ಖಾಲಿ ಬೋರ್ಡೊಂದು ಅವನ ಅಂಗಿಯ ಜೇಬಿನಲ್ಲಿತ್ತು, ಯಂತ್ರ ಕೂಗಿದ ಮೇಲೆ ತೆಗೆದು ಎಲ್ಲರಿಗೂ ತೋರಿಸಬೇಕೆಂದು. ನಿನ್ನ ಹೆಸರು ನನ್ನ ಬಾಯಿಂದ ಬಂದುಬಿಟ್ಟಿತು. ನಾಚಿಕೆಯಾಗುತ್ತದೆ ಜಬೀನಾ. ಅನ್ನ ಬಡಿಸಿಕೊಳ್ಳಲು ತಾಟು ತೆಗೆದರೂ ಅದರ ಮೇಲಿನ ಹೆಸರು ಕಂಡು ನಾಚಿಕೆಯಾಗುತ್ತದೆ.

ಶ್ರುತಿ

(9 ಮೇ. ಕಳಿಸಲಿಲ್ಲ. ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟೆ.)


ಶಹಾಬಾದ
9 ಮೇ 2025

ಜಬೀನಾ,

ನೀನು ಹೇಳಿದಂತೆ ಅಳೆದೆ. ನಾಲ್ಕುನೂರು ಮೀಟರಿನಲ್ಲಿ ಡಬ್ಬಿಯೊಳಗೆ ಮೈನಸ್ ನೂರಾ ಹದಿನೆಂಟು, ಹೊರಗೆ ತೆಗೆದರೆ ಮೈನಸ್ ನೂರಾ ಹದಿನೇಳು, ಒಂದೇ ಅಂಕಿಯಷ್ಟು ಸುಧಾರಿಸಿತು. ಬ್ಯಾಟರಿ ವೈರು ಸರಿಸಿದರೂ ಅಷ್ಟೇ. ಬೆರಳು ಹತ್ತಿರ ತಂದರೆ ಸಿಗ್ನಲ್ ಇನ್ನೂ ಬಿದ್ದು, ಪೂರ್ತಿ ನಿಂತೇ ಹೋಯಿತು.

ಮುಂಬದಿಯ ಫೋಟೊ ಇಟ್ಟಿದ್ದೇನೆ. ಹಿಂಬದಿ ಸಾದಾ ಇದೆ, ನೋಡುವಂಥದ್ದು ಏನೂ ಇಲ್ಲ.

ಜಾನಬಿ ಅಮ್ಮಿಯ ಕಣ್ಣು ಹೇಗಿದೆ?

ಶ್ರುತಿ


ವಾಡಿ
16 ಮೇ 2025

ಶ್ರುತಿಗೆ,

ಅಮ್ಮಿಯ ಕಣ್ಣು ಚೆನ್ನಾಗಿದೆ. ಸೂಜಿಗೆ ದಾರ ಅವಳೇ ಪೋಣಿಸುತ್ತಾಳೆ.

ಬೆರಳು ತಂದರೆ ಸಿಗ್ನಲ್ ಬೀಳುತ್ತದೆ ಎಂದರೆ ಆಂಟೆನಾ ಮೊದಲೇ ತನ್ನ ಜಾಗದಿಂದ ಕೆಳಗೆ ಇಳಿದು ನಿಂತಿದೆ ಎಂದರ್ಥ. ಅದು ನಮ್ಮ ತರಂಗಕ್ಕೆ ಸರಿಹೊಂದುತ್ತಿಲ್ಲ. ಹತ್ತಿರದಲ್ಲಿ ತಾಮ್ರವೋ ಕಬ್ಬಿಣವೋ ಇದ್ದರೆ ಹಾಗಾಗುತ್ತದೆ. ಇಲ್ಲವೇ ಬೋರ್ಡಿನ ಮೇಲಿನ ಆಂಟೆನಾದ ತಾಮ್ರದ ಗೆರೆಯನ್ನು ನಾನೇ ಉದ್ದ ಎಳೆದಿರಬೇಕು. ಹಿಂಬದಿ ಸಾದಾ ಇದೆ ಎಂದು ನೀನು ಬರೆದಿದ್ದೀಯ. ಹಾಗಾದರೆ ಉಳಿಯುವುದು ನನ್ನ ಲೆಕ್ಕವೇ. ಅಂಗಡಿಯ ಹಳೆಯ ರಸೀದಿಗಳ ಹಿಂದೆ ಮೂರು ಸಲ ಲೆಕ್ಕ ಹಾಕಿದೆ. ಮೂರು ಸಲವೂ ಅದೇ ಉದ್ದ ಬಂತು. ಎಲ್ಲಿ ತಪ್ಪಿದೆನೋ ತಿಳಿಯುತ್ತಿಲ್ಲ.

ಮಳೆಗೆ ಮೊದಲು ಹೊಸ ಬೋರ್ಡು ಮಾಡಿಸಲು ಆಗುವುದಿಲ್ಲ. ಹೀಗೆ ಮಾಡು. ನನ್ನ ಆಂಟೆನಾದ ಗೆರೆಯನ್ನು ಅದರ ಬುಡದಲ್ಲಿ ಬ್ಲೇಡಿನಿಂದ ಕತ್ತರಿಸು. ಅಲ್ಲಿಗೆ ಎಂಟು ಸೆಂಟಿಮೀಟರ್ ಎರಡು ಮಿಲಿಮೀಟರ್ ಉದ್ದದ ಗಟ್ಟಿ ತಂತಿ ಬೆಸೆದು ನೆಟ್ಟಗೆ ನಿಲ್ಲಿಸು. ಬಾಗಿಸಬೇಡ, ಬೋರ್ಡಿನ ಮೇಲೆ ಮಲಗಿಸಬೇಡ. ಸೇತುವೆಯದು, ಕಚೇರಿಯದು, ಎರಡೂ ಬೋರ್ಡಿಗೆ ಹೀಗೆ ಮಾಡಿ ಅಳೆದು ನೋಡು.

ತಂತಿಯಿಂದ ಸಿಗ್ನಲ್ ಬಂದರೆ ತಪ್ಪು ನನ್ನ ಆಂಟೆನಾದ್ದು. ಬಂದರೂ ಬರದಿದ್ದರೂ ಬರೆ.

ಜಬೀನಾ


ಶಹಾಬಾದ
24 ಮೇ 2025

ಜಬೀನಾ,

ಬಂತು. ಪಂಚಾಯ್ತಿ ಕಚೇರಿಯಲ್ಲಿ ಮೈನಸ್ ತೊಂಬತ್ತಾರು, ಮೊದಲಿಗಿಂತ ಎಷ್ಟೋ ಮೇಲು. ಸೈರನ್ ಕೂಗಿದ್ದಕ್ಕೆ ಮೆಂಬರುಗಳು ಚಹಾ ತರಿಸಿದರು. ಭೀಮು ಕಾಕಾ ಸೇತುವೆಯಿಂದ ಫೋನ್ ಮಾಡಿ, "ಇಲ್ಲಿ ತನಕ ಕೇಳಾಕತ್ತದವಾ!" ಎಂದು ಕೂಗಿದರು.

ಮಳೆಯ ಮೊದಲೇ ಆಯಿತು. ನಿನ್ನ ಉಪಕಾರ ದೊಡ್ಡದು. ಹೆಚ್ಚು ಬರೆಯಲು ಆಗುತ್ತಿಲ್ಲ.

ಶ್ರುತಿ


ವಾಡಿ
10 ಜೂನ್ 2025

ಪ್ರೀತಿಯ ಶ್ರುತಿ,

ಬಕ್ರೀದ್ ಗಡಿಬಿಡಿಯಲ್ಲಿ ತಡವಾಯಿತು. ನಿಜ ಹೇಳಬೇಕೆಂದರೆ ತಡ ಮಾಡಿದ್ದು ಹಬ್ಬವಲ್ಲ, ನಾಚಿಕೆ.

ನೀನು ಆ ದಿನ ಅಂದದ್ದು ಸರಿಯೇ ಇತ್ತು. ಆಂಟೆನಾ ನನ್ನದು, ತಪ್ಪು ನನ್ನದು. ನಾಲ್ಕು ತಿಂಗಳು ನಿನ್ನನ್ನು ಮನಸ್ಸಿನಲ್ಲೇ ಬೈದೆ. ಫೋನ್ ಎತ್ತಲಿಲ್ಲ. ಸಂತೆಯಲ್ಲಿ ನಿಮ್ಮ ಅಪ್ಪ ಎದುರಾದರೆ ಅವರಿಗೂ ಮುಖ ತಿರುವಿ ಹೋದೆ. "ಯಾಕವಾ ಜಬೀನಾ, ಮನಿಗೆ ಬರಲಿಕ್ಕೆ ಆಗಲ್ಲೇನು?" ಎಂದು ಆ ಹಿರಿಯ ಜೀವ ಕೇಳಿದ್ದು ಈಗ ನೆನಪಾದರೆ ಭೂಮಿಗೆ ಇಳಿದುಹೋಗುತ್ತೇನೆ. ನನ್ನನ್ನು ಕ್ಷಮಿಸು. ಅವರಿಗೂ ಹೇಳು.

ಅಮ್ಮಿಗೆ ಹೇಳಿದೆ, ಶ್ರುತಿ ಅಂದದ್ದೇ ಖರೆ ಎಂದು. "ನಾ ಅವತ್ತೇ ಹೇಳಿದ್ನಲ್ಲ," ಅಂದಳು, ಮತ್ತೆ ದಾರ ಪೋಣಿಸಿದಳು.

ಕಲಬುರಗಿಯ ಒಂದು ಕಂಪನಿಯಿಂದ ಆಂಟೆನಾ ಕೆಲಸಕ್ಕೆ ಸಂದರ್ಶನಕ್ಕೆ ಕರೆದಿದ್ದರು. ಬರುವುದಿಲ್ಲ ಎಂದು ಬರೆದುಬಿಟ್ಟೆ. ಮೂರು ಸಲ ಲೆಕ್ಕ ಹಾಕಿಯೂ ತಪ್ಪು ಕಾಣದವಳಿಗೆ ಆ ಕೆಲಸ ಯಾಕೆ? ಈಗ ಅಂಗಡಿಯಲ್ಲೂ ನೆಟ್‌ವರ್ಕ್ ಬರದ ಫೋನು ಬಂದರೆ ತಾರೀಕ್ ಭಾಯಿಯ ಕಡೆ ತಳ್ಳುತ್ತೇನೆ. ನನಗೆ ಗಾಜು ಬದಲಿಸುವ ಕೆಲಸ ಸಾಕು.

ನಿನ್ನ
ಜಬೀನಾ


ದಂಡೋತಿ
14 ಜೂನ್ 2025

ಜಬೀನಾ,

ಕ್ಷಮೆ ಕೇಳಬೇಡ. ನಿನ್ನ ಕಾಲು ಹಿಡಿದು ಬೇಡುತ್ತೇನೆ, ಆ ಕಾಗದ ಹರಿದು ಹಾಕು. ಇದರೊಳಗೆ ಇನ್ನೊಂದು ಕಾಗದ ಮಡಚಿ ಇಟ್ಟಿದ್ದೇನೆ, ಮೇ ಎಂಟರದ್ದು. ಮೊದಲು ಅದನ್ನು ಓದಿ ಆಮೇಲೆ ಇಲ್ಲಿಂದ ಮುಂದೆ ಓದು.

ಈಗ ಗೊತ್ತಾಯಿತಲ್ಲ, ಹಿಂಬದಿ ಸಾದಾ ಇಲ್ಲ. ನಿನ್ನ ತಂತಿ ಬೋರ್ಡಿನಿಂದ ಮೇಲೆದ್ದು ನಿಂತದ್ದಕ್ಕೆ ಆ ಹೆಸರಿನ ಕಾಟ ತಪ್ಪಿತು, ಅಷ್ಟೇ. ಅದನ್ನು ಬಲ್ಲವಳಾಗಿಯೂ "ಬಂತು" ಎಂದು ಬರೆದು ಸುಮ್ಮನಾದೆ. ಬಾಯಿ ಬಿಡದೆ ಎರಡನೇ ಸಲ ನಿನ್ನ ಮೇಲೆ ಹಾಕಿದೆ. ಮೊದಲನೆಯದಕ್ಕೆ ಗಾಬರಿ ಎಂದು ನೆಪ ಹೇಳಬಹುದು. ಇದಕ್ಕೆ ಯಾವ ನೆಪವೂ ಇಲ್ಲ.

ನಿನ್ನ ಕಾಗದ ಬಂದ ದಿನವೇ ಉಳಿದ ಬೋರ್ಡುಗಳಲ್ಲಿ ಎರಡಕ್ಕೆ ಬೆಸುಗೆ ಹಾಕಿದೆ. ನಿನ್ನ ಆಂಟೆನಾ ಮುಟ್ಟಲಿಲ್ಲ. ಹಿಂಬದಿಯ ಹೆಸರನ್ನು ಮಾತ್ರ ಬ್ಲೇಡಿನಿಂದ ಕೆರೆಯತೊಡಗಿದೆ. ಅಪ್ಪ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದವನು ಎದ್ದು ಬಂದ.

"ಅದೇನ್ ಕೆರೀಲಿಕತ್ತೀ?"

"ನಿನ್ನ ಹೆಸರು ಅಪ್ಪಾ."

"ಯಾಕ?"

ಹೇಳಿದೆ. ಮೊದಲಿನಿಂದ ಕೊನೆಯ ತನಕ, ಸಭೆಯಲ್ಲಿ ಅಂದದ್ದನ್ನೂ ಸೇರಿಸಿ. ಅವನು ಕೆರೆದ ಬೋರ್ಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಆಮೇಲೆ, "ಆ ಹುಡುಗಿ ನಮ್ಮ ಮನ್ಯಾಗ ಉಂಡು ಬೆಳದಾಳ. ಅವತ್ತು ನನ್ನ ಮುಂದೇ ತಲಿ ಬಗ್ಗಿಸಿ ಕುಂತಿದ್ದಳು. ನಾ ಏನಂದೆ ಗೊತ್ತೇನು ಮನಸ್ಸಿನ್ಯಾಗ? ನನ್ನ ಮಗಳದು ತಪ್ಪಿಲ್ಲ, ಸದ್ಯ ಬಚಾವ್ ಅಂದೆ," ಎಂದ. ಜೇಬಿನಿಂದ ತನ್ನ ಬೋರ್ಡು ತೆಗೆದು ನನ್ನ ಮುಂದೆ ಇಟ್ಟು ಹೊರಗೆ ಹೋದ. ಆ ದಿನ ಮನೆಯಲ್ಲಿ ಊಟ ಮಾಡಲಿಲ್ಲ.

ಕೆರೆದ ಬೋರ್ಡುಗಳನ್ನು ಒಯ್ದು ಅದೇ ಸೇತುವೆ, ಅದೇ ಕಚೇರಿಯ ನಡುವೆ ಅಳೆದೆ. ಮೈನಸ್ ತೊಂಬತ್ತೇಳು. ತಂತಿಗೂ ನಿನ್ನ ಆಂಟೆನಾಕ್ಕೂ ಒಂದರ ವ್ಯತ್ಯಾಸ. ನಿನ್ನ ಲೆಕ್ಕ ಮೂರು ಸಲವೂ ಸರಿ ಇತ್ತು. ಕಲಬುರಗಿಯವರಿಗೆ ಮತ್ತೆ ಬರೆ. ಬೇಕಾದರೆ ನಾನೇ ಹೋಗಿ ಅವರ ಮುಂದೆ ನಿಂತು ಹೇಳುತ್ತೇನೆ.

ಕ್ಷಮಿಸು ಎಂದು ಬರೆಯಲು ಹೋಗಿ ಎರಡು ಸಲ ಹೊಡೆದು ಹಾಕಿದೆ. ಕೇಳುವ ಮುಖ ಇಲ್ಲ.

ಶ್ರುತಿ


ವಾಡಿ
20 ಜೂನ್ 2025

ಶ್ರುತಿ,

ಎರಡೂ ಕಾಗದ ಓದಿದೆ. ಮೇ ಎಂಟಕ್ಕೆ ಬರೆದು ಜೂನ್ ಹದಿನಾಲ್ಕಕ್ಕೆ ಕಳಿಸಿದ್ದೀಯ. ನಡುವಿನ ಆ ದಿನಗಳನ್ನು ಎಣಿಸುತ್ತ ಕೂತಿದ್ದೆ. ಅವುಗಳಲ್ಲೇ ಒಂದು ದಿನ ನಾನು ಕಲಬುರಗಿಗೆ ಬರುವುದಿಲ್ಲ ಎಂದು ಬರೆದದ್ದು.

ನೀನು ಆ ಮಾತು ಅಂದದ್ದು ಇಪ್ಪತ್ತು ಮಂದಿಯ ಮುಂದೆ. ಈಗ ನನಗೊಬ್ಬಳಿಗೆ ಲಕೋಟೆ ಅಂಟಿಸಿ ಕಳಿಸಿದರೆ ಲೆಕ್ಕ ಹೊಂದುವುದಿಲ್ಲ. ಅಲ್ಲೇ, ಅವರೆಲ್ಲರ ಮುಂದೆಯೇ ಹೇಳು. ಅಮ್ಮಿಯನ್ನೂ ಕರೆಸು. ಅವಳಿಗೆ ನಾನು ಇನ್ನೂ ಹೇಳಿಲ್ಲ. ಹೇಳುವುದೂ ಇಲ್ಲ.

ಜಬೀನಾ


ದಂಡೋತಿ
2 ಜುಲೈ 2025

ಜಬೀನಾ,

ಹೇಳಿ ಬಂದೆ. ನಿನ್ನೆ ಪಂಚಾಯ್ತಿ ಸಭೆ ಇತ್ತು. ಅಮ್ಮಿಯನ್ನು ತಾರೀಕ್ ಭಾಯಿ ಬಸ್ಸಿಗೆ ಹತ್ತಿಸಿದ್ದ. ನೀನು ಬರುವುದಿಲ್ಲ ಎಂದು ಗೊತ್ತಿತ್ತು, ಆದರೂ ಬಾಗಿಲ ಕಡೆ ನೋಡುತ್ತಲೇ ಇದ್ದೆ.

ಎದ್ದು ನಿಂತು ಹೆಸರು ಹಾಕಿದ್ದು, ನಿನ್ನ ಚೌಕ ಅಳಿಸಿದ್ದು, ನಿನ್ನ ಕಡೆ ಬೆರಳು ತೋರಿಸಿದ್ದು, ಎಲ್ಲ ಹೇಳಿದೆ. ಉಗಿಯುತ್ತಾರೆ ಎಂದು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಏನಾಯಿತು ಗೊತ್ತೇ? ಒಬ್ಬ ಮೆಂಬರು, "ಅಪ್ಪನ ಹೆಸರ್ ಹಾಕ್ಯಾಳ, ಎಂಥಾ ಮಗಳು ನೋಡ್ರಿ!" ಎಂದು ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ಸರ್, "ಸಿಗ್ನಲ್ ಬಂತಲ್ಲ, ಹಳೀದು ಬಿಡವಾ ಇನ್ನ," ಅಂದರು. ಬೈಗುಳ ತಿನ್ನಲು ಹೋದವಳಿಗೆ ಚಪ್ಪಾಳೆ ಬಡಿಸಿದರು. ಅದಕ್ಕಿಂತ ಕೆಟ್ಟ ಗಳಿಗೆ ನಾನು ಕಂಡಿಲ್ಲ.

ಮತ್ತೆ ಎದ್ದೆ. ಈ ಸಲ ಕಿರುಚಿದೆ ಎಂದೇ ಅನ್ನಬೇಕು. "ಚಪ್ಪಾಳಿ ಹೊಡಿಬ್ಯಾಡ್ರಿ. ಜಬೀನಾದು ತಪ್ಪಿಲ್ಲ. ಆಕಿ ಕೆಲಸ ನಾ ಕಳದೀನಿ. ಅಷ್ಟು ಕೇಳಿಸ್ಕೊಳ್ರಿ!" ಎಂದೆ. ಆಗ ತಟ್ಟುತ್ತಿದ್ದ ಕೈಗಳು ಕೆಳಗಿಳಿದವು. ಸರ್ ಮುಖ ಒರೆಸಿಕೊಂಡರು. ನಿನಗೆ ಫೋನ್ ಮಾಡುವುದಾಗಿ ಹೇಳಿದ್ದಾರೆ.

ಅಮ್ಮಿ ಹಿಂದಿನ ಬೆಂಚಿನಲ್ಲಿದ್ದರು. ನಾನು ಹತ್ತಿರ ಹೋಗಿ ಕಾಲು ಮುಟ್ಟಲು ಬಾಗಿದರೆ ಕಾಲು ಹಿಂದಕ್ಕೆ ಎಳೆದುಕೊಂಡರು. ನನ್ನ ಮುಖ ನೋಡಿ, "ನಾ ನಿನ್ನ ನಂಬಿದ್ದೆ, ಬೇಟಿ," ಎಂದರು, ಅಷ್ಟೇ. ಎದ್ದು ಹೊರಟರು. ಅಪ್ಪ ಅವರ ಚೀಲ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ತನಕ ಹಿಂದೆ ನಡೆದ. ಏನು ಮಾತಾಡಿದರೋ ನನಗೆ ಹೇಳಿಲ್ಲ.

ನೀನು ಹೇಳಿದಂತೆ ಮಾಡಿದ್ದೇನೆ. ಹಗುರಾಗುತ್ತೇನೆ ಎಂದುಕೊಂಡಿದ್ದೆ, ಆಗಿಲ್ಲ.

ಶ್ರುತಿ


ವಾಡಿ
12 ಜುಲೈ 2025

ಶ್ರುತಿ,

ಸರ್ ಫೋನ್ ಮಾಡಿದ್ದರು. ಶಹಾಬಾದಿನ ವರ್ಕ್‌ಶಾಪಿಗೆ ಮತ್ತೆ ಬರುವುದಿಲ್ಲ ಎಂದೆ. ಕಲಬುರಗಿಯವರಿಗೆ ಮತ್ತೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ನೀನು ಹೋಗಿ ಹೇಳುವುದು ಬೇಡ. ನಿನ್ನೆ ನೆಟ್‌ವರ್ಕ್ ಬರದ ಫೋನೊಂದು ಬಂತು, ಭಾಯಿಯ ಕಡೆ ತಳ್ಳದೆ ನಾನೇ ಬಿಚ್ಚಿದೆ. ಸರಿಯಾಯಿತು.

ನೀನು ಎದ್ದು ನಿಂತು ಹೇಳಿದ್ದನ್ನು ನಿಮ್ಮ ಊರಿನಿಂದ ಬಂದ ಗಿರಾಕಿಯೊಬ್ಬ ಅಂಗಡಿಯಲ್ಲಿ ಕಥೆ ಮಾಡಿ ಹೇಳಿದ. ಎರಡನೇ ಸಲ ಎದ್ದು ಕಿರುಚಿದ್ದನ್ನೂ ಹೇಳಿದ. ಅದು ಸುಲಭವಲ್ಲ ಎಂದು ನನಗೆ ತಿಳಿಯುತ್ತದೆ. ತಿಳಿಯುವುದಿಲ್ಲ ಎಂದು ಸುಳ್ಳು ಬರೆಯುವುದಿಲ್ಲ.

ಆದರೆ ನೀನು ಕಾಣದ್ದೊಂದು ಇಲ್ಲಿ ನಡೆಯಿತು. ಆ ದಿನ ಅಮ್ಮಿ ಬಸ್ಸಿಳಿದು ಮನೆಗೆ ಹೋಗಲಿಲ್ಲ, ಸೀದಾ ಅಂಗಡಿಗೆ ಬಂದಳು. ನಾಲ್ಕು ಗಿರಾಕಿಗಳು ನಿಂತಿದ್ದರು. ಅವರ ಮುಂದೆಯೇ ನನ್ನ ಎರಡೂ ಕೈ ಹಿಡಿದು, "ಮಾಫ್ ಕರ್ ಬೇಟಾ," ಅಂದಳು. ಹೆತ್ತವಳು ಮಗಳ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ನೋಡುವ ಹೊತ್ತು ನನಗೆ ಬಂತು. ಇದು ನಿನ್ನಿಂದ ಬಂದದ್ದು, ಶ್ರುತಿ. ಕೆಲಸ ಹೋದದ್ದನ್ನು ನಾನು ಮರೆಯುತ್ತೇನೆ. ಇದನ್ನು ಮರೆಯಲು ನೋಡುತ್ತಿದ್ದೇನೆ, ಆಗುತ್ತಿಲ್ಲ.

"ಇರಲಿ ಬಿಡು ಅಮ್ಮಿ," ಎಂದೆ. ಮನಸ್ಸಿನಿಂದಲೇ ಎಂದೆ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ.

ಅದು ಅವಳಿಗೆ ಅಂದ ಮಾತು. ನಿನಗೆ ಅನ್ನಲು ನನಗೆ ಇನ್ನೂ ಬಾಯಿ ಬರುತ್ತಿಲ್ಲ.

ಜಬೀನಾ